ಕರಿಜಾಲಿ ಈಗ ಅಕೇಶಿಯಾ ಅಲ್ವಂತೆ, ಹೌದಾ?

ಗಿಡಗುರುತು

ನಮ್ಮೂರಿನ ಕಾಲೇಜಿನ ಆವರಣದ ಮರಗಳಿಗೆ ಹೆಸರಿನ ಫಲಕ ಹಾಕುವ ಕೆಲಸ ನಮ್ಮ ಗುಂಪಿಗೆ ಬಂದಿದೆ. ಮೇಲೆ ಕನ್ನಡ ಹೆಸರು ದೊಡ್ಡದಾಗಿ, ಕೆಳಗೆ ಸಸ್ಯಶಾಸ್ತ್ರದ ಹೆಸರು. ಬೇವು, ಹುಣಸೆ, ಗುಲ್‌ಮೊಹರ್ ಸಲೀಸಾಗಿ ಮುಗಿದವು. ಹಿಂದಿನ ಬೇಲಿ ಪಕ್ಕದ ಕರಿಜಾಲಿಗೆ ಬಂದಾಗ ಜಗಳ ಶುರುವಾಯಿತು. ನಾನು ಓದಿದ್ದು ಅಕೇಶಿಯಾ ನೈಲೋಟಿಕಾ. ನಮ್ಮ ಮೇಷ್ಟ್ರು ಓದಿದ್ದು ಅಕೇಶಿಯಾ ಅರೇಬಿಕಾ. ಈಗಿನ ಹುಡುಗಿಯೊಬ್ಬಳು ಫೋನ್ ತೋರಿಸಿ "ಸರ್, ವಾಚೆಲಿಯಾ ನೈಲೋಟಿಕಾ ಅಂತಿದೆ" ಅಂದಳು.

ಸರಿ, ಹೆಸರು ಬದಲಾಗುತ್ತವೆ, ಒಪ್ಪೋಣ. ಆದರೆ ಗೇಟಿನ ಬಳಿ ಸಾಲಾಗಿ ನಿಂತಿರುವ ಆಸ್ಟ್ರೇಲಿಯಾದ ಮರ ಮಾತ್ರ ಇನ್ನೂ ಅಕೇಶಿಯಾ ಆರಿಕ್ಯುಲಿಫಾರ್ಮಿಸ್ ಆಗಿಯೇ ಇದೆ. ನಿನ್ನೆ ಮೊನ್ನೆ ಬಂದದ್ದಕ್ಕೆ ಹೆಸರು ಉಳಿಯಿತು, ಮೊದಲಿನಿಂದ ಇದ್ದದ್ದಕ್ಕೆ ಹೋಯಿತು. ಇದು ಯಾವ ನ್ಯಾಯ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಬಯಲುಸೀಮೆ ಬಸು

ಕುರಿಗಳಿಗೆ ಯಾವ ಹೆಸರಾದರೇನು ರೀ, ಕಾಯಿ ಉದುರಿದರೆ ಸಾಕು.

ಎಲೆಬಳ್ಳಿ

ಹುಡುಗಿ ಹೇಳಿದ್ದು ಸರಿ. ಕರಿಜಾಲಿ 2008ರಿಂದ ವಾಚೆಲಿಯಾ ನೈಲೋಟಿಕಾ.

ಕಾರಣ ಸುಲಭವಾಗಿಯೇ ಇದೆ. ಹಳೆಯ ಅಕೇಶಿಯಾ ಕುಲದಲ್ಲಿ 1300ಕ್ಕೂ ಹೆಚ್ಚು ಪ್ರಭೇದಗಳಿದ್ದವು. ಆಫ್ರಿಕಾ, ಏಷ್ಯಾ, ಅಮೆರಿಕ, ಆಸ್ಟ್ರೇಲಿಯಾ, ಎಲ್ಲ ಕಡೆಯವನ್ನೂ ಒಂದೇ ಚೀಲಕ್ಕೆ ತುಂಬಿದ್ದರು. ಡಿಎನ್‌ಎ ನೋಡಲು ಶುರುಮಾಡಿದ ಮೇಲೆ ಗೊತ್ತಾಯಿತು, ಇವೆಲ್ಲ ಒಂದೇ ಮೂಲದಿಂದ ಬಂದವಲ್ಲ ಅಂತ. ಹಾಗಾಗಿ ಒಡೆದರು. ವಾಚೆಲಿಯಾ, ಸೆನೆಗಾಲಿಯಾ, ಅಕೇಶಿಯಾ ಇವು ಮೂರು ದೊಡ್ಡವು. ಅಕೇಶಿಯೆಲ್ಲಾ, ಮರಿಯೋಸೌಸಾ ಅಂತ ಅಮೆರಿಕದ ಎರಡು ಚಿಕ್ಕವು. ಸುಮಾರು 1000 ಪ್ರಭೇದಗಳಿರುವ ಆಸ್ಟ್ರೇಲಿಯಾದ ಗುಂಪಿಗೆ ಅಕೇಶಿಯಾ ಅನ್ನುವ ಹೆಸರು ಹೋಯಿತು.

ಮಲೆನಾಡಿಗ

ಅದೇ ಪ್ರಶ್ನೆ ಅಲ್ವಾ ಅವರು ಕೇಳಿದ್ದು? ಒಡೆದದ್ದು ಸರಿ. ಹೆಸರು ಅವರಿಗೇ ಯಾಕೆ ಹೋಯಿತು? ಸಂಖ್ಯೆ ಜಾಸ್ತಿ ಅಂತಲಾ?

ಹಳೇಪಾಠ

ಬಹಳ ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವನು ನಾನು. ಎಲೆಬಳ್ಳಿಯವರು ಬಿಟ್ಟ ಭಾಗ ಹೇಳುತ್ತೇನೆ.

ಪ್ರತಿ ಕುಲಕ್ಕೂ ಒಂದು "ಟೈಪ್" ಪ್ರಭೇದ ಇರುತ್ತದೆ. ಕುಲ ಒಡೆದರೆ ಆ ಟೈಪ್ ಎಲ್ಲಿ ಹೋಗುತ್ತದೋ ಹೆಸರೂ ಅಲ್ಲಿಗೇ ಹೋಗಬೇಕು. ಮನೆ ಪಾಲಾದಾಗ ದೇವರ ಪೆಟ್ಟಿಗೆ ಯಾರ ಕಡೆಗೋ ಮನೆತನದ ಹೆಸರೂ ಆ ಕಡೆಗೆ ಅಂದ ಹಾಗೆ. ಅಕೇಶಿಯಾ ಕುಲದ ಟೈಪ್ ಯಾವುದಾಗಿತ್ತು ಗೊತ್ತಾ? ಇದೇ ಕರಿಜಾಲಿ. ನೈಲ್ ನದಿ ದಂಡೆಯಿಂದ ನಮ್ಮ ಕೆರೆ ಏರಿಯವರೆಗೂ ಬೆಳೆಯುವ ಮರ.

ಅಂದರೆ ನಿಯಮದ ಪ್ರಕಾರ ಅಕೇಶಿಯಾ ಅನ್ನುವ ಹೆಸರು ಜಾಲಿಗೇ ಉಳಿಯಬೇಕಿತ್ತು. ಆಸ್ಟ್ರೇಲಿಯಾದವು ರಾಕೋಸ್ಪರ್ಮ ಆಗಬೇಕಿತ್ತು. ಕ್ವೀನ್ಸ್‌ಲ್ಯಾಂಡಿನ ಲೆಸ್ ಪೆಡ್ಲಿ 1986ರಲ್ಲೇ ಹಾಗೆ ಮಾಡಿ ತೋರಿಸಿದ್ದರು. ಅಲ್ಲಿಯವರೇ ಒಪ್ಪಲಿಲ್ಲ.

2003ರಲ್ಲಿ ಆರ್ಚರ್ಡ್ ಮತ್ತು ಮ್ಯಾಸ್ಲಿನ್ ಎಂಬ ಇಬ್ಬರು ಟೈಪನ್ನೇ ಬದಲಿಸೋಣ ಅಂತ ಅರ್ಜಿ ಹಾಕಿದರು. ಕರಿಜಾಲಿ ಬದಲು ಅಕೇಶಿಯಾ ಪೆನ್ನಿನರ್ವಿಸ್ ಎಂಬ ಆಸ್ಟ್ರೇಲಿಯಾದ ಮರ. 2005ರಲ್ಲಿ ವಿಯೆನ್ನಾದಲ್ಲಿ ನಡೆದ ಅಂತಾರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ ಇದು ಮತಕ್ಕೆ ಬಂತು.

ಮಲೆನಾಡಿಗ

ಮತ ಹಾಕಿ ಗೆದ್ದರು ಅನ್ನಿ. ಸರಿ ಬಿಡಿ, ಬಹುಮತ ಇದ್ದರೆ ಯಾರೇನು ಮಾಡಕ್ಕಾಗುತ್ತದೆ.

ಹಳೇಪಾಠ

ತಮಾಷೆ ಇರುವುದೇ ಅಲ್ಲಿ. ಬಹುಮತ ಅವರಿಗೆ ಇರಲಿಲ್ಲ! ಸುಮಾರು 55% ಮತ ಬದಲಾವಣೆಗೆ ವಿರುದ್ಧವಾಗಿ ಬಿತ್ತು. ಆದರೆ ಇಂಥ ಅರ್ಜಿ ಪರಿಶೀಲಿಸುವ ಸಮಿತಿ ಬದಲಾವಣೆ ಆಗಲಿ ಅಂತ ಆಗಲೇ ಶಿಫಾರಸು ಮಾಡಿಯಾಗಿತ್ತು. ಸಮಿತಿಯ ಶಿಫಾರಸು ಬಿದ್ದುಹೋಗಲು 60% ವಿರೋಧ ಬೇಕು ಅಂತ ನಿಯಮ. ಹೀಗಾಗಿ ಕಡಿಮೆ ಮತ ಬಿದ್ದವರು ಗೆದ್ದರು. ಆಫ್ರಿಕಾದ ಸಸ್ಯಶಾಸ್ತ್ರಜ್ಞರು ಕೆಂಡಾಮಂಡಲವಾದರು. 2011ರ ಮೆಲ್ಬರ್ನ್ ಸಮ್ಮೇಳನದಲ್ಲಿ ಮತ್ತೆ ಎತ್ತಿದರು. ಅಲ್ಲೂ ಹಳೇ ತೀರ್ಮಾನವೇ ಗಟ್ಟಿಯಾಯಿತು.

ಬಯಲುಸೀಮೆ ಬಸು

ಮೆಲ್ಬರ್ನ್ ಆಸ್ಟ್ರೇಲಿಯಾದಲ್ಲೇ ಇದೆ ಅಲ್ಲ ರೀ?! ಪಂಚಾಯ್ತಿ ಅವರ ಕಟ್ಟೆ ಮೇಲೇ ನಡೆದರೆ ಮತ್ತೇನಾಗುತ್ತದೆ.

ಸಿಡ್ನಿಕನ್ನಡಿಗ

ಇಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ, ಈ ಕಡೆಯ ಮಾತನ್ನೂ ಕೇಳಿ. ಗೋಲ್ಡನ್ ವ್ಯಾಟಲ್ ಅಂದರೆ ಅಕೇಶಿಯಾ ಪಿಕ್ನಾಂಥಾ. 1988ರಿಂದ ಈ ದೇಶದ ಅಧಿಕೃತ ಹೂವು. ಕ್ರಿಕೆಟ್ ತಂಡದ ಹಸಿರು, ಹಳದಿ ಬಣ್ಣ ನೋಡಿದ್ದೀರಲ್ಲ, ಜನ ಅದನ್ನು ಇದೇ ಹೂವಿಗೆ ಜೋಡಿಸುತ್ತಾರೆ. ಸೆಪ್ಟೆಂಬರ್ 1ಕ್ಕೆ ವ್ಯಾಟಲ್ ಡೇ ಅಂತ ಮಾಡುತ್ತಾರೆ. ಸಾವಿರ ಪ್ರಭೇದಗಳ ಹೆಸರನ್ನು ಕಾನೂನು, ನರ್ಸರಿ, ಉದ್ಯಾನದ ದಾಖಲೆ ಎಲ್ಲದರಲ್ಲೂ ಬದಲಿಸುವುದಾ, ಇಲ್ಲ ವಾಚೆಲಿಯಾದ ನೂರರವತ್ತು ಚಿಲ್ಲರೆ ಹೆಸರು ಬದಲಿಸುವುದಾ? ಯಾವುದು ಕಡಿಮೆ ತಲೆನೋವು ನೀವೇ ಹೇಳಿ.

ಮಲೆನಾಡಿಗ

ತಲೆನೋವು ಕಡಿಮೆ ಯಾರಿಗೆ ಅನ್ನುವುದು ಪ್ರಶ್ನೆ ಸ್ವಾಮಿ. ಆಫ್ರಿಕಾದ ಬಯಲಿನ ಫೋಟೋ ಅಂದರೆ ಕೊಡೆ ಹಿಡಿದಂತೆ ನಿಂತ ಅಕೇಶಿಯಾ ಮರ ಇರಲೇಬೇಕು. ಅದು ಈಗ ವಾಚೆಲಿಯಾ ಟಾರ್ಟಿಲಿಸ್. ಸುಡಾನಿನ ರೈತರು ಗೋಂದು ಇಳಿಸುವ ಮರ ಸೆನೆಗಾಲಿಯಾ ಸೆನೆಗಲ್. ಐಸ್‌ಕ್ರೀಂ, ತಂಪು ಪಾನೀಯದ ಲೇಬಲ್ ಮೇಲೆ 414 ಅಂತ ನಂಬರ್ ಇರುತ್ತದಲ್ಲ, ಆ ಅಂಟು. ಅವರ ದಾಖಲೆಗಳನ್ನು ಬದಲಿಸುವವರು ಯಾರು?

ಗಿಡಗುರುತು

ಇಬ್ಬರೂ ನಿಧಾನ. ನನಗೆ ಇನ್ನೊಂದು ಸಂಶಯ. ಒಡೆಯಲೇಬೇಕಿತ್ತಾ? ಎಷ್ಟೋ ಮರಗಳಿಗೆ ಹಳದಿ ಹೂವು, ಎಲ್ಲದಕ್ಕೂ ಕಾಯಿ. ಒಂದೇ ಕುಲ ಅಂತ ಬಿಟ್ಟಿದ್ದರೆ ಏನಾಗುತ್ತಿತ್ತು?

ಎಲೆಬಳ್ಳಿ

ಬಿಡಬಹುದಿತ್ತು. ಆಗ ಬಾಗೆ ಮರ, ಮಳೆ ಮರ, ಸೀಮೆಹುಣಸೆ ಎಲ್ಲವನ್ನೂ ಅಕೇಶಿಯಾ ಅಂತಲೇ ಕರೆಯಬೇಕಾಗುತ್ತಿತ್ತು 😄

ಸುಮ್ನೆ ಹೇಳುತ್ತಿಲ್ಲ. ನಿಮ್ಮ ಗೇಟಿನ ಬಳಿಯ ಆಸ್ಟ್ರೇಲಿಯಾದ ಅಕೇಶಿಯಾಗೆ ಹತ್ತಿರದ ನೆಂಟ ಕರಿಜಾಲಿ ಅಲ್ಲ. ಬಾಗೆ, ಸೀಮೆಹುಣಸೆ ಇರುವ ಕವಲಿನ ಒಳಗೇ ಅದು ಬೆಳೆದು ಬಂದಿದೆ. ಜಾಲಿಯ ಕವಲು ಬೇರೆ. ಸೀಗೆ, ಕಗ್ಗಲಿ ಇರುವ ಸೆನೆಗಾಲಿಯಾ ಮತ್ತೂ ಬೇರೆ. ಜಾಲಿಯನ್ನೂ ಆಸ್ಟ್ರೇಲಿಯಾದ್ದನ್ನೂ ಒಂದೇ ಕುಲದಲ್ಲಿ ಇಡಬೇಕೆಂದರೆ ನಡುವೆ ಬರುವ ಎಲ್ಲರನ್ನೂ ಸೇರಿಸಬೇಕು. ಅಷ್ಟು ದೊಡ್ಡ ಕುಲ ಇಟ್ಟುಕೊಂಡು ಏನು ಮಾಡುವುದು?

ಹಳೇಪಾಠ

ಇದರಲ್ಲಿ ಹಳಬರನ್ನು ಬೈಯುವ ಹಾಗಿಲ್ಲ. ಜಾರ್ಜ್ ಬೆಂಥಮ್ 1842ರಲ್ಲಿ, ಆಮೇಲೆ 1875ರಲ್ಲಿ ಇವನ್ನು ವಿಂಗಡಿಸಿದಾಗ ಕೈಯಲ್ಲಿ ಇದ್ದದ್ದು ಒಣಗಿಸಿದ ಮಾದರಿಗಳು ಮತ್ತು ಒಂದು ಮಸೂರ. ಕೇಸರ ಎಣಿಸಿದರು. ಹತ್ತು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮಿಮೋಸಾ ಗುಂಪು, ಮುಟ್ಟಿದರೆ ಮುನಿ ಇರುವುದು ಅಲ್ಲಿ. ಬಹಳ ಇದ್ದು ಬಿಡಿಬಿಡಿಯಾಗಿದ್ದರೆ ಅಕೇಶಿಯಾ ಗುಂಪು. ಬಹಳ ಇದ್ದು ಬುಡದಲ್ಲಿ ಕೊಳವೆಯಂತೆ ಕೂಡಿದ್ದರೆ ಬಾಗೆಯ ಗುಂಪು. ನೂರು ವರ್ಷಕ್ಕೂ ಹೆಚ್ಚು ಕಾಲ ಈ ಲೆಕ್ಕ ನಡೆಯಿತು. ನಾನೂ ಅದನ್ನೇ ಪಾಠ ಮಾಡಿದೆ. ಆದರೆ ಕೇಸರ ಬಿಡಿಯಾಗಿರುವುದು ಬೇರೆ ಬೇರೆ ಕವಲುಗಳಲ್ಲಿ ಕಾಣುತ್ತದೆ, ಅದೊಂದನ್ನೇ ನೋಡಿ ನೆಂಟಸ್ತನ ಹೇಳಲಾಗುವುದಿಲ್ಲ ಅಂತ ಡಿಎನ್‌ಎಯಿಂದ ಗೊತ್ತಾಯಿತು.

ಕೆರೆಏರಿ

ಡಿಎನ್‌ಎ ಎಲ್ಲ ಬೇಡ ಸರ್, ನಮ್ಮಂಥವರು ಮರದ ಕೆಳಗೆ ನಿಂತು ಹೇಗೆ ಗುರುತಿಸುವುದು ಹೇಳಿ.

ಎಲೆಬಳ್ಳಿ

ಮುಳ್ಳು ನೋಡಿ. ಹೂವಿಗಿಂತ ಮುಳ್ಳೇ ವಾಸಿ, ವರ್ಷವಿಡೀ ಸಿಗುತ್ತದೆ.

ಕರಿಜಾಲಿಯ ಎಳೆ ರೆಂಬೆ ಹಿಡಿದುಕೊಳ್ಳಿ. ಎಲೆ ಹುಟ್ಟುವ ಗಿಣ್ಣಿನಲ್ಲಿ ಎಡಕ್ಕೊಂದು ಬಲಕ್ಕೊಂದು, ನೆಟ್ಟಗಿನ ಬಿಳಿ ಮುಳ್ಳು ಜೋಡಿಯಾಗಿ ಇರುತ್ತವೆ. ಎಲೆಯ ಬುಡದಲ್ಲಿ ಇರಬೇಕಾದ ಪುಟ್ಟ ಎಲೆಯಂಥ ಭಾಗವೇ ಮುಳ್ಳಾಗಿ ಗಟ್ಟಿಯಾಗಿದೆ. ಇದು ವಾಚೆಲಿಯಾದ ಗುರುತು. ಬಿಳಿಜಾಲಿ, ಕಸ್ತೂರಿ ಜಾಲಿ ಎಲ್ಲ ಇದೇ ಜಾತಿ.

ಸೀಗೆ ಮೆಳೆಗೆ ಹೋಗಿ. ಅಲ್ಲಿ ಮುಳ್ಳು ಚಿಕ್ಕದು, ಕೊಕ್ಕೆಯಂತೆ ಕೆಳಕ್ಕೆ ಬಾಗಿರುತ್ತದೆ, ಕಾಂಡದ ಮೇಲೆ ಎಲ್ಲೆಂದರಲ್ಲಿ ಇರುತ್ತದೆ. ಅದು ಸಿಪ್ಪೆಯಿಂದ ಎದ್ದ ಮುಳ್ಳು. ಕಗ್ಗಲಿಯಲ್ಲೂ ಕೊಕ್ಕೆಯೇ, ಆದರೆ ಗಿಣ್ಣಿನ ಕೆಳಗೆ ಜೋಡಿಯಾಗಿ. ಅಂಗಿ ಸಿಕ್ಕಿ ಹಿಂದಕ್ಕೆ ಎಳೆದರೆ ಸೆನೆಗಾಲಿಯಾ ಅನ್ನಿ.

ಆಸ್ಟ್ರೇಲಿಯಾದವುಗಳಲ್ಲಿ ಸಾಮಾನ್ಯವಾಗಿ ಈ ಎರಡೂ ಬಗೆಯ ಮುಳ್ಳಿಲ್ಲ.

ತೋಟದಕಮಲ

ಅದಕ್ಕೆ ಎಲೆಯೂ ಬೇರೆ ಅಲ್ವಾ ಮೇಡಂ? ಕುಡುಗೋಲಿನ ಥರ ಬಾಗಿದ ಒಂಟಿ ಎಲೆ. ಜಾಲಿಯ ಹಾಗೆ ಗರಿ ಗರಿ ಇಲ್ಲ.

ಎಲೆಬಳ್ಳಿ

ಕಮಲಕ್ಕ, ಅದು ಎಲೆಯೇ ಅಲ್ಲ! ಚಪ್ಪಟೆಯಾದ ತೊಟ್ಟು. ನಂಬಿಕೆ ಬರದಿದ್ದರೆ ಬೀಜ ಹಾಕಿ ನೋಡಿ. ಮರದ ಕೆಳಗೆ ಸುರುಳಿ ಸುತ್ತಿಕೊಂಡ ಕಾಯಿ ಬಿದ್ದಿರುತ್ತದೆ. ಬಿಡಿಸಿದರೆ ಕಪ್ಪು ಬೀಜಕ್ಕೆ ಕಿತ್ತಳೆ ಬಣ್ಣದ ದಾರ ಅಂಟಿಕೊಂಡಿರುತ್ತದೆ. ಬಿಸಿ ನೀರು ಸುರಿದು ಒಂದು ರಾತ್ರಿ ನೆನೆಸಿ ಕುಂಡಕ್ಕೆ ಹಾಕಿ. ಮೊದಲು ಬರುವ ಎಲೆಗಳು ಜಾಲಿಯಂತೆ ಗರಿ ಗರಿಯಾಗಿಯೇ ಇರುತ್ತವೆ. ಆಮೇಲಿನ ಎಲೆಗಳಲ್ಲಿ ತೊಟ್ಟು ಅಗಲವಾಗುತ್ತಾ ಬರುತ್ತದೆ, ತುದಿಯಲ್ಲಿ ಗರಿ ಇನ್ನೂ ನೇತಾಡುತ್ತಿರುತ್ತದೆ. ಇನ್ನು ಸ್ವಲ್ಪ ದಿನಕ್ಕೆ ಗರಿ ಬರುವುದೇ ನಿಲ್ಲುತ್ತದೆ, ತೊಟ್ಟು ಮಾತ್ರ ಉಳಿಯುತ್ತದೆ. ಒಂದೇ ಸಸಿಯಲ್ಲಿ ಮೂರೂ ಹಂತ ಒಟ್ಟಿಗೆ ಕಾಣುತ್ತವೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯದು ಇಲ್ಲ.

ನೀಲಗಿರಿತಪ್ಪಲು

ಎಲ್ಲ ಆಸ್ಟ್ರೇಲಿಯಾ ಅಕೇಶಿಯಾಗೂ ಇದು ಹೊಂದುವುದಿಲ್ಲ. ಊಟಿ ಕಡೆ ಬ್ರಿಟಿಷರ ಕಾಲದಿಂದ ಇರುವ ಕಪ್ಪು ವ್ಯಾಟಲ್, ಅಂದರೆ ಅಕೇಶಿಯಾ ಮಿಯರ್ನ್ಸಿ, ದೊಡ್ಡ ಮರವಾದ ಮೇಲೂ ಗರಿ ಎಲೆಯನ್ನೇ ಇಟ್ಟುಕೊಳ್ಳುತ್ತದೆ. ಮುಳ್ಳು ಮಾತ್ರ ಇಲ್ಲ. ಚರ್ಮ ಹದ ಮಾಡಲು ಅದರ ತೊಗಟೆ ಬೇಕು ಅಂತ ಬೆಳೆಸಿದರು. ಈಗ ಶೋಲಾ ಪಕ್ಕದ ಹುಲ್ಲುಗಾವಲನ್ನೆಲ್ಲ ತುಂಬಿಕೊಂಡಿದೆ.

ಸಿಡ್ನಿಕನ್ನಡಿಗ

ಇದೇ ಕುಲದ ಒಂದು ಕಥೆ ಹೇಳಲೇಬೇಕು. ಹವಾಯಿ ದ್ವೀಪದಲ್ಲಿ ಕೋವಾ ಅಂತ ಅಕೇಶಿಯಾ ಇದೆ. ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದಲ್ಲಿ ಇನ್ನೊಂದಿದೆ. ಎರಡೂ ನೋಡಲು ಹೆಚ್ಚು ಕಡಿಮೆ ಒಂದೇ. ನಡುವೆ ಸುಮಾರು 18,000 ಕಿಲೋಮೀಟರ್. 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ರೀಯೂನಿಯನ್ ಮರ ಹವಾಯಿಯ ಮರದಿಂದಲೇ ಬಂದದ್ದು. ಅದೂ ಮನುಷ್ಯರು ಹಡಗು ಹತ್ತುವ ಎಷ್ಟೋ ಲಕ್ಷ ವರ್ಷ ಮೊದಲು. ಹಕ್ಕಿಯೇ ಬೀಜ ಒಯ್ದಿರಬೇಕು ಅನ್ನುತ್ತಾರೆ.

ಬಯಲುಸೀಮೆ ಬಸು

ಹಕ್ಕಿಗೆ ವೀಸಾ ಬೇಡ ಬಿಡ್ರಿ.

ಅದಿರಲಿ, ನಮ್ಮ ಕಡೆ ನಿಜವಾದ ತಲೆನೋವು ಬಳ್ಳಾರಿ ಜಾಲಿ. ಹೊಲ, ಹಳ್ಳ, ಕೆರೆ ಅಂಗಳ ಎಲ್ಲ ಅದೇ. ಅದು ಯಾವ ಲೆಕ್ಕದಲ್ಲಿ ಬರುತ್ತದೆ? ಅದೂ ವಾಚೆಲಿಯಾನಾ?

ಕೆರೆಏರಿ

ಬಳ್ಳಾರಿ ಜಾಲಿ ಜಾಲಿಯೇ ಅಲ್ಲ ಬಸಣ್ಣ. ಪ್ರೊಸೊಪಿಸ್ ಜೂಲಿಫ್ಲೋರಾ. ಅಮೆರಿಕದ ಕಡೆಯದು. ಬ್ರಿಟಿಷರು 1877ರ ಸುಮಾರಿಗೆ ಕಡಪ ಕಡೆ ಬೀಜ ತಂದು ಹಾಕಿದರು. ಸೌದೆ ಬರ ನೀಗಲಿ ಅಂತ. ನೀಗಿತು, ಜೊತೆಗೆ ಹೊಲವೂ ಹೋಯಿತು.

ಹಳೇಪಾಠ

ಅದಕ್ಕೂ ಹೆಸರು ಬದಲಾಗಿದೆ! 2022ರಲ್ಲಿ ಪ್ರೊಸೊಪಿಸ್ ಕುಲವನ್ನೂ ನಾಲ್ಕಾಗಿ ಒಡೆದರು. ಬಳ್ಳಾರಿ ಜಾಲಿ ಈಗ ನೆಲ್ಟುಮಾ ಜೂಲಿಫ್ಲೋರಾ.

ಮಲೆನಾಡಿಗರೇ, ಇದು ನಿಮಗೆ ಇಷ್ಟವಾಗುತ್ತದೆ ನೋಡಿ. ಪ್ರೊಸೊಪಿಸ್ ಕುಲದ ಟೈಪ್ ನಮ್ಮ ಬನ್ನಿ ಮರ. ರಾಜಸ್ಥಾನದಲ್ಲಿ ಖೇಜ್ರಿ ಅನ್ನುವುದೂ ಇದನ್ನೇ. ಕುಲ ಒಡೆದಾಗ ಬನ್ನಿಯೂ ಸೇರಿ ಅದರಲ್ಲಿ ಉಳಿದದ್ದು ಬರೀ ಮೂರು ಪ್ರಭೇದ. ಅಮೆರಿಕದ ಗುಂಪಿನಲ್ಲಿ ನಲವತ್ತಕ್ಕೂ ಹೆಚ್ಚು. ಅಕೇಶಿಯಾದ ಲೆಕ್ಕ ಹಾಕಿದ್ದರೆ ಹೆಸರು ಅಮೆರಿಕಕ್ಕೆ ಹೋಗಬೇಕಿತ್ತು. ಇಲ್ಲಿ ನಿಯಮದಂತೆ ನಡೆದರು. ಪ್ರೊಸೊಪಿಸ್ ಅನ್ನುವ ಹೆಸರು ಬನ್ನಿಗೇ ಉಳಿಯಿತು.

ಮಲೆನಾಡಿಗ

ಹಾಗಾದರೆ ಒಂದು ಕಡೆ ನಿಯಮ, ಇನ್ನೊಂದು ಕಡೆ ಸಂಖ್ಯೆ. ನಾನು ಮೊದಲಿನಿಂದ ಹೇಳುತ್ತಿರುವುದೂ ಇದನ್ನೇ.

ಎಲೆಬಳ್ಳಿ

ಎರಡೂ ನಿಯಮವೇ. ಟೈಪ್ ಬದಲಿಸಲು ಅವಕಾಶ ಇದೆ, ಆದರೆ ಯಾರಾದರೂ ಅರ್ಜಿ ಹಾಕಬೇಕು, ಸಮಿತಿ ಒಪ್ಪಬೇಕು. ಅಕೇಶಿಯಾದಲ್ಲಿ ಹಾಕಿದರು. ವಿಯೆನ್ನಾದ 60% ಲೆಕ್ಕ ನನಗೂ ಸರಿ ಅನಿಸುವುದಿಲ್ಲ. ಆದರೆ ಆಗಿದ್ದು ಆಯಿತು, ಇನ್ನು ಹಿಂದಕ್ಕೆ ಹೋದರೆ ಗೊಂದಲ ಎರಡು ಪಟ್ಟು.

ಬನ್ನಿಗೂ ಬಳ್ಳಾರಿ ಜಾಲಿಗೂ ಮುಳ್ಳಲ್ಲೇ ವ್ಯತ್ಯಾಸ. ಬನ್ನಿಯಲ್ಲಿ ಎರಡು ಗಿಣ್ಣುಗಳ ನಡುವೆ ಅಲ್ಲಲ್ಲಿ ಮೋಟು ಮುಳ್ಳು. ಬಳ್ಳಾರಿ ಜಾಲಿಯಲ್ಲಿ ಗಿಣ್ಣಿನಲ್ಲೇ ಉದ್ದ ಮುಳ್ಳು. ಟೈರ್ ಪಂಕ್ಚರ್ ಮಾಡುವುದು ಅದೇ.

ಹುಬ್ಬಳ್ಳಿಹುಡುಗಿ

ದಸರಾದಲ್ಲಿ ನಾವು ಬನ್ನಿ ಕೊಟ್ಟು ಬಂಗಾರದ ಹಾಗೆ ಇರೋಣ ಅಂತೀವಲ್ಲ, ಆ ಎಲೆ ಇದೇ ಮರದ್ದಾ? ನಮ್ಮ ಪುಣೆಯ ಚಿಕ್ಕಮ್ಮ ಕೊಡುವ ಎಲೆ ಬೇರೆಯೇ ಇರುತ್ತದೆ. ಒಂಟೆಯ ಗೊರಸಿನ ಹಾಗೆ ಎರಡು ಭಾಗ.

ತೋಟದಕಮಲ

ಮಹಾರಾಷ್ಟ್ರದಲ್ಲಿ ಕೊಡುವುದು ಆಪ್ಟಾ ಎಲೆ ಕಣಮ್ಮ. ನಮ್ಮ ಮಂದಾರದ ಜಾತಿ.

ಹಳೇಪಾಠ

ಬೌಹಿನಿಯಾ ರೆಸಿಮೋಸಾ. ಅದೂ ಜಾಲಿ, ಬನ್ನಿ, ತೊಗರಿ, ಅವರೆ ಎಲ್ಲ ಇರುವ ಇದೇ ದೊಡ್ಡ ಕುಟುಂಬದ್ದು, ಆದರೆ ಬಹಳ ದೂರದ ನೆಂಟ. ಇನ್ನೂ ಒಂದು ಸೇರಿಸುತ್ತೇನೆ. ಕೆಲವು ಕಡೆ ಬನ್ನಿ ಅಂತ ಪೂಜೆ ಮಾಡುವ ಮರ ಪ್ರೊಸೊಪಿಸ್ ಅಲ್ಲ, ಸೆನೆಗಾಲಿಯಾ ಫೆರುಜಿನಿಯಾ. ಮೊದಲು ಅದನ್ನೂ ಅಕೇಶಿಯಾ ಅನ್ನುತ್ತಿದ್ದರು. ಗಿಡಗುರುತು ಅವರೇ, ಆವರಣದಲ್ಲಿ ಬನ್ನಿ ಇದ್ದರೆ ಹೂವು ಬಿಟ್ಟಾಗ ನೋಡಿ. ಕೇಸರ ಹತ್ತೇ ಇದ್ದರೆ ಪ್ರೊಸೊಪಿಸ್, ಎಣಿಸಲಾಗದಷ್ಟು ಇದ್ದರೆ ಸೆನೆಗಾಲಿಯಾ. ಬೆಂಥಮ್ ಲೆಕ್ಕ ಇಲ್ಲಿ ಇನ್ನೂ ಕೆಲಸಕ್ಕೆ ಬರುತ್ತದೆ.

ಹುಬ್ಬಳ್ಳಿಹುಡುಗಿ

ದೂರದ ನೆಂಟ ಅಂದರೆ ಎಷ್ಟು ದೂರ ಸರ್? ನಾವು ಪಿಯುಸಿಯಲ್ಲಿ ಓದಿದ್ದು ಮೂರೇ ಉಪಕುಟುಂಬ.

ಹಳೇಪಾಠ

ಮೂರರ ಕಾಲ ಮುಗಿಯಿತು. 2017ರಲ್ಲಿ ಪ್ರಪಂಚದ ಬೇರೆ ಬೇರೆ ದೇಶಗಳ ತಜ್ಞರು ಸೇರಿ ಹೊಸ ವಿಂಗಡಣೆ ಕೊಟ್ಟರು. ಮುಖ್ಯವಾಗಿ ನೋಡಿದ್ದು ಮ್ಯಾಟ್‌ಕೆ ಎಂಬ ಜೀನ್, ಎಲೆಯ ಹಸಿರು ಕಣಗಳಲ್ಲಿ ಇರುವಂಥದ್ದು. ಈಗ ಉಪಕುಟುಂಬ ಆರು. ಹೆಸರುಗಳನ್ನು ಬಾಯಿಪಾಠ ಮಾಡುವುದು ಬೇಡ, ನಮ್ಮ ಸುತ್ತಲಿನ ಮರಗಳು ಎಲ್ಲಿ ಬಿದ್ದವು ಅಷ್ಟು ನೋಡಿದರೆ ಸಾಕು.

ತೊಗರಿ, ಅವರೆ, ಹುರುಳಿ, ಹೊಂಗೆ, ಮುತ್ತುಗ ಎಲ್ಲ ಮೊದಲಿದ್ದ ಕಡೆಯೇ ಇವೆ. ಚಿಟ್ಟೆಯಂಥ ಹೂವಿನ ಗುಂಪು. ಮಂದಾರ, ಆಪ್ಟಾ ಬೇರೆ ಮನೆ ಮಾಡಿಕೊಂಡವು. ಹುಣಸೆ ಮತ್ತು ಅಶೋಕ ಇನ್ನೊಂದು ಮನೆ. ಸೀತೆ ಕುಳಿತಿದ್ದಳು ಅನ್ನುವ ಅಶೋಕ, ರಸ್ತೆ ಬದಿ ಕಂಬದ ಹಾಗೆ ನಿಲ್ಲುವ ಮರ ಅಲ್ಲ. ಅದು ಸೀತಾಫಲದ ಕುಟುಂಬ, ಇಲ್ಲಿ ಲೆಕ್ಕಕ್ಕೇ ಇಲ್ಲ. ಗುಲ್‌ಮೊಹರ್, ಕಕ್ಕೆ, ರತ್ನಗಂಧಿ ಮತ್ತು ಜಾಲಿಯ ಪೂರ್ತಿ ಪರಿವಾರ ಒಂದೇ ಉಪಕುಟುಂಬದಲ್ಲಿ. ಜಾಲಿ, ಬಾಗೆ, ಮುಟ್ಟಿದರೆ ಮುನಿಗಳ ಹಳೆಯ ಉಪಕುಟುಂಬ ಈಗ ಅದರೊಳಗಿನ ಒಂದು ಕವಲು.

ಗಿಡಗುರುತು

ಅಂದರೆ ಗುಲ್‌ಮೊಹರ್‌ಗೆ ಹುಣಸೆಗಿಂತ ಜಾಲಿ ಹತ್ತಿರವಾ?

ಹಳೇಪಾಠ

ಹೌದು. ಹುಣಸೆ ಮತ್ತು ಗುಲ್‌ಮೊಹರ್ ಒಂದೇ ಉಪಕುಟುಂಬ ಅಂತ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವರು ಎಷ್ಟೋ ಜನ. ನಾನೇ ಕೊಟ್ಟಿದ್ದೇನೆ.

ನೀಲಗಿರಿತಪ್ಪಲು

ಒಡೆಯುವುದು ಇಲ್ಲಿಗೆ ಮುಗಿಯಲಿಲ್ಲ. ಸೆನೆಗಾಲಿಯಾ ಕೂಡ ಒಂದೇ ಮೂಲದ್ದಲ್ಲ ಅಂತ ಕಾಣುತ್ತಿದೆ, ಈಗಾಗಲೇ ಅದರಿಂದ ಕೆಲವನ್ನು ಹೊರಗೆ ಹಾಕಿದ್ದಾರೆ. ಸಿಸಾಲ್ಪಿನಿಯಾ ಆಗಿದ್ದ ಗಜ್ಜುಗ ಈಗ ಗಿಲಾಂಡಿನಾ. ತಂಗಡಿ ಕ್ಯಾಶಿಯಾ ಆಗಿತ್ತು, ಸೆನ್ನಾ ಆಯಿತು. ಹೊಂಗೆಯನ್ನಂತೂ ಡೆರಿಸ್, ಪೊಂಗಾಮಿಯಾ, ಮಿಲೆಟಿಯಾ ಅಂತ ಊರೆಲ್ಲ ಸುತ್ತಿಸಿದರು, ಈಗ ಮತ್ತೆ ಪೊಂಗಾಮಿಯಾ ಅನ್ನುವವರೇ ಜಾಸ್ತಿ. ಫಲಕವನ್ನು ಕಲ್ಲಲ್ಲಿ ಕೆತ್ತಿಸಬೇಡಿ ಅಷ್ಟೇ.

ಎಲೆಬಳ್ಳಿ

ವಾಚೆಲಿಯಾ ನೈಲೋಟಿಕಾ ಅಂತ ಬರೆಸಿ, ಕೆಳಗೆ ಸಣ್ಣದಾಗಿ "ಹಿಂದಿನ ಹೆಸರು ಅಕೇಶಿಯಾ ನೈಲೋಟಿಕಾ" ಅಂತ ಹಾಕಿ. ಹಳೆಯ ಪುಸ್ತಕ ಹಿಡಿದು ಬರುವವರಿಗೂ ಸಿಗಬೇಕಲ್ಲ. ಅರಣ್ಯ, ಔಷಧದ ಕಾಗದಪತ್ರಗಳಲ್ಲಿ ಇನ್ನೂ ಹಳೇ ಹೆಸರೇ ಓಡುತ್ತಿದೆ.

ಕೆರೆಏರಿ

ಇಷ್ಟೆಲ್ಲ ನೆಂಟಸ್ತನ ಆಯಿತು. ರೈತನಿಗೆ ಬೇಕಾದ ಒಂದು ಪ್ರಶ್ನೆ. ಈ ಕುಟುಂಬದ ಗಿಡ ಯಾವುದೇ ಹಾಕಿದರೂ ಭೂಮಿಗೆ ಸಾರಜನಕ ಸೇರುತ್ತದೆ ಅಂತಾರಲ್ಲ, ನಿಜವಾ? ಬದುವಿನ ಮೇಲೆ ಗುಲ್‌ಮೊಹರ್ ಹಾಕಿ ಅಂತ ಒಬ್ಬರು ಸಲಹೆ ಕೊಟ್ಟರು.

ಎಲೆಬಳ್ಳಿ

ನಿಜ ಅಲ್ಲ. ಬೇರಿನ ಗಂಟಿನಲ್ಲಿ ಬ್ಯಾಕ್ಟೀರಿಯಾ ಸಾಕುವ ಗುಣ ಕುಟುಂಬದ ಎಲ್ಲ ಕವಲಿಗೂ ಇಲ್ಲ. ತೊಗರಿ, ಅವರೆ, ಹೊಂಗೆಗೆ ಇದೆ. ಜಾಲಿಗೆ, ಬಾಗೆಗೆ, ಆಸ್ಟ್ರೇಲಿಯಾದ ಅಕೇಶಿಯಾಗೂ ಇದೆ. ಹುಣಸೆ, ಅಶೋಕ, ಮಂದಾರಕ್ಕೆ ಇಲ್ಲ. ಗುಲ್‌ಮೊಹರ್, ಕಕ್ಕೆ ಜಾಲಿಯ ಉಪಕುಟುಂಬದಲ್ಲೇ ಇದ್ದರೂ ಅವಕ್ಕೂ ಇಲ್ಲ.

ಪರೀಕ್ಷೆ ಮಾಡುವುದು ಸುಲಭ. ಮಳೆಗಾಲದಲ್ಲಿ ಎಳೆ ಸಸಿಯನ್ನು ಮಣ್ಣು ಸಮೇತ ಅಗೆದು ತೆಗೆಯಿರಿ, ಕಿತ್ತರೆ ಗಂಟು ಉದುರಿಹೋಗುತ್ತವೆ. ನೀರಿನಲ್ಲಿ ಅದ್ದಿ ಮಣ್ಣು ಬಿಡಿಸಿ. ಬೇರಿಗೆ ಅಂಟಿದ ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಗುಲಾಬಿ ಅಥವಾ ಕೆಂಪು ಬಣ್ಣ ಇದ್ದರೆ ಕೆಲಸ ನಡೆಯುತ್ತಿದೆ. ಹಸಿರು, ಕಂದು ಇದ್ದರೆ ಮುಗಿದಿದೆ.

ಬಯಲುಸೀಮೆ ಬಸು

ಬದುವಿಗೆ ಕರಿಜಾಲಿಯೇ ಹಾಕ್ರಿ. ಗೊಬ್ಬರಕ್ಕೂ ಆಯಿತು, ನೇಗಿಲಿಗೂ ಆಯಿತು, ಕುರಿಗೂ ಆಯಿತು. ನೆರಳಲ್ಲಿ ಪೈರು ಮಾತ್ರ ಸ್ವಲ್ಪ ಸೊರಗುತ್ತದೆ.